ವಕೀಲರ ಕಚೇರಿಗೊಂದು ಕಾಂಪ್ಲಯನ್ಸ್ ಪ್ಯಾಕೇಜ್: ಟಿಡಿಎಸ್ ಚೊಕ್ಕ, ಕಕ್ಷಿದಾರರ ಲೆಕ್ಕ ಕಚ್ಚಾ

ಬೆಳಗಾವಿಯಲ್ಲಿ ಚೆನ್ನಮ್ಮ ವೃತ್ತದ ಸುತ್ತಮುತ್ತ ಕೂತಿರುವ ತೆರಿಗೆ ಸಲಹೆಗಾರರು ಈಗ ವಕೀಲರ ಕಚೇರಿಗಳಿಗೆಂದೇ ವರ್ಷದ ಪ್ಯಾಕೇಜ್ ಮಾರುತ್ತಿದ್ದಾರೆ. ಇಲ್ಲಿ ನೋಡಿರುವುದು ಅಂಥದ್ದೊಂದನ್ನು. ವರ್ಷಕ್ಕೆ 24,000 ರೂಪಾಯಿ. ಮೂವರು ಪಾಲುದಾರರು, ಸಂಬಳದ ಮೇಲಿರುವ ಇಬ್ಬರು ಕಿರಿಯ ವಕೀಲರು, ಒಬ್ಬ ಗುಮಾಸ್ತ ಇರುವ ಕಚೇರಿಗೆ ಹೇಳುವ ದರ ಇದು. ಜಿಎಸ್‌ಟಿ, ಟಿಡಿಎಸ್ (ಹಣ ಕೊಡುವಾಗಲೇ ಮುರಿದು ಕಟ್ಟುವ ಆದಾಯ ತೆರಿಗೆ), ವೃತ್ತಿ ತೆರಿಗೆ, ಲೆಕ್ಕ ಬರೆಯುವುದು, ಬಿಲ್ ನಮೂನೆ, ನಾಮಫಲಕದ ವಿನ್ಯಾಸ ಎಲ್ಲ ಇದರೊಳಗೇ ಬರುತ್ತದೆ.

ಮೊದಲು ಜಿಎಸ್‌ಟಿ. ಬಿಲ್ ನಮೂನೆ ಸರಿಯಾಗಿದೆ. ಉದ್ಯಮಬಾಗದ ಫೌಂಡ್ರಿಯಂಥ ವ್ಯಾಪಾರಿ ಕಕ್ಷಿದಾರರಿಗೆ ಕೊಡುವ ಕಾನೂನು ಸೇವೆಯ ತೆರಿಗೆ, ಸೇವೆ ಕೊಟ್ಟವರ ಬದಲು ಪಡೆದವರೇ ಕಟ್ಟುವ ರಿವರ್ಸ್ ಚಾರ್ಜ್‌ನಲ್ಲಿ ಅವರ ಮೇಲೆಯೇ ಬೀಳುತ್ತದೆ. ಆ ಮಾತನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿದ್ದಾರೆ. ವಕೀಲರು ಜಿಎಸ್‌ಟಿಯಲ್ಲಿ ನೋಂದಾಯಿತರಲ್ಲದಿದ್ದರೆ ಫೌಂಡ್ರಿಯವರು 30 ದಿನದೊಳಗೆ ತಾವೇ ಇನ್‌ವಾಯ್ಸ್ ಬರೆದುಕೊಳ್ಳಬೇಕು. ಬಿಲ್ ಜೊತೆ ಅದನ್ನು ನೆನಪಿಸುವ ಸಣ್ಣ ಚೀಟಿಯನ್ನೂ ಇಟ್ಟಿರುವುದು ಮೆಚ್ಚಬೇಕಾದ ಕೆಲಸ. ಹೊಲದ ವಾಟ್ನಿ (ಪಾಲು) ದಾವೆಗೆ ಬರುವ ರೈತನಿಗೆ ಈ ಸೇವೆಯ ಮೇಲೆ ತೆರಿಗೆಯೇ ಇಲ್ಲ. ಆದ್ದರಿಂದ ಎರಡು ಬಗೆಯ ಬಿಲ್ ಪುಸ್ತಕ ಬೇಕು, ಎರಡೂ ಇವೆ.

ಕೆಟ್ಟಿರುವುದು ನೋಂದಣಿಯ ವಿಷಯದಲ್ಲಿ. ಆದಾಯ 20 ಲಕ್ಷ ದಾಟಿತೋ ಇಲ್ಲವೋ, ಅಂಗಡಿಕಾರರಿಗೆ ಮಾಡಿದಂತೆ ವಕೀಲರಿಗೂ ಜಿಎಸ್‌ಟಿ ನಂಬರ್ ತೆಗೆಸಿಬಿಡುತ್ತಾರೆ. ಮಾಡುವ ಪೂರೈಕೆಯೆಲ್ಲ ರಿವರ್ಸ್ ಚಾರ್ಜ್‌ನದ್ದೇ ಆಗಿದ್ದರೆ ನೋಂದಣಿ ಬೇಕಿಲ್ಲ ಎಂದು 2017ರ 5ನೇ ಕೇಂದ್ರ ತೆರಿಗೆ ಅಧಿಸೂಚನೆ ಬಿಡಿಸಿ ಹೇಳಿದೆ. ಮಹಾರಾಷ್ಟ್ರದ ಚಂದಗಡದ ಕಾರ್ಖಾನೆಗೋ ಗೋವಾದ ಹೋಟೆಲಿಗೋ ಬಿಲ್ ಹೋದರೂ, ರಾಜ್ಯ ದಾಟಿತು ಅನ್ನುವ ಒಂದೇ ಕಾರಣಕ್ಕೆ ವಕೀಲರು ನೋಂದಾಯಿಸಿಕೊಳ್ಳಬೇಕಾಗಿಲ್ಲ. ಬೇಡದ ನಂಬರಿನ ಖರ್ಚು ಸಣ್ಣದಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಜಾಗ ಬಾಡಿಗೆಗೆ ಹಿಡಿದ ನೋಂದಾಯಿತ ವ್ಯಕ್ತಿ ಆ ಬಾಡಿಗೆಯ ಮೇಲೆ ತಾನೇ ಶೇ 18 ಕಟ್ಟಬೇಕು. ತಿಂಗಳಿಗೆ 20,000 ಬಾಡಿಗೆ ಇದ್ದರೆ 3,600, ವರ್ಷಕ್ಕೆ 43,200. ರಿವರ್ಸ್ ಚಾರ್ಜ್ ಪೂರೈಕೆಯನ್ನು ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳುವ) ಲೆಕ್ಕದಲ್ಲಿ ವಿನಾಯಿತಿ ಪೂರೈಕೆಯೆಂದೇ ಎಣಿಸುವುದರಿಂದ ಆ ಹಣ ಮರಳಿ ಬರುವುದೂ ಇಲ್ಲ. ಪ್ಯಾಕೇಜಿನ ದರಕ್ಕಿಂತ ಅದರ ಒಂದು ತಪ್ಪು ಟಿಕ್ ದುಬಾರಿ. ಪ್ಯಾಕೇಜಿನ ಅರ್ಜಿ ನಮೂನೆಯಲ್ಲಿ ಜಿಎಸ್‌ಟಿ ನೋಂದಣಿಯ ಚೌಕವನ್ನು ನೀವೇ ಹೊಡೆದುಹಾಕಿ, ಸಹಿ ಮಾಡಿ.

ಟಿಡಿಎಸ್ ಭಾಗಕ್ಕೆ ಪೂರ್ಣ ಅಂಕ. 2025ರ ಏಪ್ರಿಲ್ 1ರಿಂದ ಪಾಲುದಾರಿಕೆ ಸಂಸ್ಥೆ ತನ್ನ ಪಾಲುದಾರರಿಗೆ ಕೊಡುವ ಸಂಬಳ, ಬೋನಸ್, ಕಮಿಷನ್, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ 10 ಮುರಿಯಬೇಕು. ಹಳೆಯ ಕಾಯ್ದೆಯ 194ಟಿ ಕಲಂ ಇದು. ಅದುವರೆಗೆ ಟ್ಯಾನ್ (ಟಿಡಿಎಸ್ ಮುರಿಯುವವರ ಗುರುತಿನ ಸಂಖ್ಯೆ) ಮುಖವನ್ನೇ ನೋಡದ ಸಣ್ಣ ಕಚೇರಿಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ವರ್ಷದ ಕೊನೆಗೆ ಪಾಲುದಾರರ ಬಂಡವಾಳ ಖಾತೆಗೆ ಜಮಾ ಮಾಡಿದ್ದೇವೆ, ಕೈಗೆ ಹಣ ಕೊಟ್ಟಿಲ್ಲ ಎಂಬ ವಾದ ನಡೆಯದು. ಜಮಾ ಆದ ದಿನವೇ ಮುರಿಯುವ ದಿನ. ಟಿಡಿಎಸ್ ವಿವರಪಟ್ಟಿ ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ. ಇವರು ಟ್ಯಾನ್ ತೆಗೆಸುವುದರಿಂದ ಹಿಡಿದು ಮರುತಿಂಗಳ 7ರೊಳಗೆ ಹಣ ಕಟ್ಟುವ ತನಕ ಒಂದನ್ನೂ ಬಿಟ್ಟಿಲ್ಲ. ಕೈಪಿಡಿಯಲ್ಲಿ ಮಾತ್ರ ಇನ್ನೂ ಹಳೆಯ ಕಲಂ ಸಂಖ್ಯೆಗಳೇ ಇವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರಿಂದ ಅದನ್ನು ತಿದ್ದಲೇಬೇಕು.

ಇನ್ನು ಕಕ್ಷಿದಾರರ ಹಣ. ಇದರಲ್ಲಿ ಪ್ಯಾಕೇಜ್ ಸೋತಿದೆ. ವಕೀಲಿಕೆಯ ಸನದಿಗೇ ಕುತ್ತು ತರುವ ವಿಷಯವಾದ್ದರಿಂದ ಇಲ್ಲಿ ಮೆತ್ತಗೆ ಹೇಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 25ರ ಪ್ರಕಾರ ಕಕ್ಷಿದಾರರಿಂದ ಬಂದದ್ದು, ಅವರ ಪರವಾಗಿ ಬಂದದ್ದು, ಖರ್ಚಾದದ್ದು, ಫೀಗೆ ಮುರಿದುಕೊಂಡದ್ದು ಎಲ್ಲಕ್ಕೂ ತಾರೀಖು ಸಹಿತ ಲೆಕ್ಕ ಇರಬೇಕು. ನಿಯಮ 26 ಇನ್ನೂ ಬಿಗಿ. ಬಂದ ಹಣ ಫೀಯೋ ಖರ್ಚಿನದ್ದೋ ಎಂದು ನಮೂದಿಸಬೇಕು. ಪ್ರಕರಣ ನಡೆಯುತ್ತಿರುವಾಗ ಕಕ್ಷಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಖರ್ಚಿನ ಹಣವನ್ನು ಫೀಗೆ ತಿರುಗಿಸುವಂತಿಲ್ಲ. ಇವರ ಲೆಕ್ಕದಲ್ಲಿ ‘ಕ್ಲೈಂಟ್ ಅಡ್ವಾನ್ಸ್’ ಎಂಬ ಒಂದೇ ಖಾತೆ ಇದೆ. ತಿಂಗಳ ಕೊನೆಗೆ ಅದರಲ್ಲಿದ್ದದ್ದೆಲ್ಲ ಆದಾಯಕ್ಕೆ ಹೋಗುತ್ತದೆ.

ಉದಾಹರಣೆಗೆ 40,000 ರೂಪಾಯಿ ಬಂತು ಅನ್ನಿ. 25,000 ಫೀ, ಉಳಿದ 15,000 ಕೋರ್ಟ್ ಫೀ, ಪ್ರೋಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ), ಕೋರ್ಟ್ ಕಮಿಷನರ್ ಭತ್ತೆಗೆ. ಪೂರ್ತಿ 40,000 ಆದಾಯವೆಂದು ಬರೆದರೆ ನಿಯಮ 26 ಮುರಿಯಿತು. ನಿಮ್ಮದಲ್ಲದ 15,000ಕ್ಕೆ ಆದಾಯ ತೆರಿಗೆಯೂ ಹೋಯಿತು. ಹೀಗೆ ಉಬ್ಬಿದ ಆದಾಯ 50 ಲಕ್ಷ ದಾಟಿದರೆ, ಅಥವಾ ನಗದಾಗಿ ಬಂದದ್ದು ಶೇ 5 ಮೀರದಿದ್ದಾಗ ಸಿಗುವ 75 ಲಕ್ಷದ ಮಿತಿ ದಾಟಿದರೆ, ಅರ್ಧ ಆದಾಯವನ್ನೇ ಲಾಭವೆಂದು ತೋರಿಸುವ ಸರಳ ಯೋಜನೆ ಕೈತಪ್ಪುತ್ತದೆ. ಕಕ್ಷಿದಾರರು ಕಂಪನಿಯಾಗಿದ್ದರೆ ಬಿಲ್ ಬಿಡಿಸಿ ಬರೆಯದ ಕಾರಣ ಅವರೂ (ವರ್ಷದ ಪಾವತಿ ಟಿಡಿಎಸ್ ಮಿತಿ ದಾಟಿದ್ದರೆ) ಇಡೀ ಮೊತ್ತಕ್ಕೆ ಟಿಡಿಎಸ್ ಮುರಿದು, ಜಿಎಸ್‌ಟಿಯನ್ನೂ 40,000ದ ಮೇಲೆಯೇ ಕಟ್ಟುತ್ತಾರೆ. ಆ 15,000ದ ಮೇಲಿನ 2,700 ಅವರು ಬೇಕಿಲ್ಲದೆ ಕಟ್ಟಿದ್ದು.

ಸರಿಪಡಿಸುವುದು ಕಷ್ಟವಲ್ಲ. ಪ್ರತಿ ಕಡತಕ್ಕೆ ಒಂದು ಪುಟ. ಅದರಲ್ಲಿ ಫೀ ಜಮಾ, ಖರ್ಚು ಜಮಾ, ಖರ್ಚು, ಬಾಕಿ ಎಂದು ನಾಲ್ಕು ಕಾಲಂ. ರಸೀದಿ ಬರೆಯುವಾಗಲೇ ಮೊತ್ತವನ್ನು ಎರಡಾಗಿ ಒಡೆಯಬೇಕು, ಆಮೇಲೆ ನೆನಪಿನಿಂದ ಒಡೆದರೆ ತಪ್ಪುತ್ತದೆ. ಕೋರ್ಟ್ ಫೀ ಚಲನ್ನಿನ ನಕಲು ಅದೇ ಪುಟಕ್ಕೆ. ಖರ್ಚಿನ ಬಾಕಿಯನ್ನು ಫೀಗೆ ಹಿಡಿಯುವ ಮುನ್ನ ಒಂದು ಸಾಲಿನ ಒಪ್ಪಿಗೆ ಪತ್ರಕ್ಕೆ, ಕಕ್ಷಿದಾರರು ಓದಬಲ್ಲ ಕನ್ನಡದಲ್ಲೋ ಮರಾಠಿಯಲ್ಲೋ ಬರೆದು, ಸಹಿ ಪಡೆಯಬೇಕು. ಪರಿಹಾರದ ಹಣವೇನಾದರೂ ಕಚೇರಿಯ ಖಾತೆಗೆ ಬಂದರೆ ತಡಮಾಡದೆ ತಿಳಿಸಬೇಕು (ನಿಯಮ 27), ಕೇಳಿದಾಗ ಲೆಕ್ಕದ ನಕಲು ಕೊಡಬೇಕು (ನಿಯಮ 30), ಅದನ್ನು ಸಾಲವೆಂದು ಇಟ್ಟುಕೊಳ್ಳಬಾರದು (ನಿಯಮ 31). ಹೊಲ, ಬಂಗಾರ ಅಡವಿಟ್ಟು ಫೀ ಹೊಂದಿಸಿ ತರುವ ಜನರ ದುಡ್ಡು ಇದು. ದೂರು ಹೋದರೆ ವಕೀಲರ ಕಾಯ್ದೆ 1961ರ 35ನೇ ಕಲಂ ಪ್ರಕಾರ ಛೀಮಾರಿಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವ ತನಕ ಶಿಕ್ಷೆ ಉಂಟು. ಈ ಪುಸ್ತಕವನ್ನು ಕಚೇರಿಯ ಗುಮಾಸ್ತರೇ ಬರೆಯಲಿ. ಹೊರಗಿನವರಿಗೆ ತಿಂಗಳ ಮೊತ್ತ ಮಾತ್ರ ಹೋಗಲಿ.

ನಾಮಫಲಕ ನೋಡಲು ಚಂದ, ಮೇಲಿನ ಶೇ 60 ಭಾಗ ಕನ್ನಡದಲ್ಲೇ ಇದೆ. ಆದರೆ ಹೆಸರಿನ ಕೆಳಗೆ ‘ಕ್ರಿಮಿನಲ್ ಪ್ರಕರಣಗಳ ತಜ್ಞರು’ ಎಂದು ಬರೆದಿದ್ದಾರೆ. ವಕೀಲರ ಪರಿಷತ್ತಿನ ನಿಯಮ 36 ಇಂಥದ್ದನ್ನೇ ತಡೆಯುತ್ತದೆ. ಜಾಹೀರಾತು ಕೂಡದು, ಫಲಕ ಸಾಧಾರಣ ಗಾತ್ರದ್ದಿರಬೇಕು, ಅದರ ಮೇಲೆ ಪರಿಣತಿಯನ್ನೂ ಮಾಜಿ ಹುದ್ದೆಯನ್ನೂ ಬರೆಯಬಾರದು. 2008ರ ತಿದ್ದುಪಡಿ ವೆಬ್‌ಸೈಟಿಗೆ ಅವಕಾಶ ಕೊಟ್ಟಿದೆ ನಿಜ. ಅಲ್ಲಿ ಹೆಸರು, ವಿಳಾಸ, ನೋಂದಣಿ ವಿವರ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಹಾಕಬಹುದು. ಪ್ಯಾಕೇಜಿನ ಜೊತೆ ಉಚಿತವೆಂದು ಕೊಡುವ ವಾಟ್ಸಾಪ್ ಪ್ರಚಾರ, ವಕೀಲರ ಪಟ್ಟಿ ಮಾಡುವ ಆನ್‌ಲೈನ್ ತಾಣಗಳ ಸದಸ್ಯತ್ವ ಎರಡನ್ನೂ ಬೇಡ ಅನ್ನಿ. ಅಂಥ ತಾಣಗಳ ವಿರುದ್ಧ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಕಟುವಾಗಿಯೇ ಆದೇಶಿಸಿದೆ. ಕೇಸು ಕಳಿಸಿಕೊಟ್ಟವರಿಗೆ ಫೀಯಲ್ಲಿ ಪಾಲು ಕೊಡುವ ಕರಾರನ್ನಂತೂ ಮುಟ್ಟಲೇಬೇಡಿ, ವಕೀಲರಲ್ಲದವರೊಂದಿಗೆ ಸಂಭಾವನೆ ಹಂಚಿಕೆ ನಿಷಿದ್ಧ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನು ಎಲ್ಲರಿಗೂ ಮಾಡಿಸುತ್ತಾರೆ. ಮೂವರಿಗಿಂತ ಹೆಚ್ಚು ನೌಕರರಿಲ್ಲದ ವಕೀಲರ ಕಚೇರಿಗೆ ಕರ್ನಾಟಕದ ಕಾಯ್ದೆ ಅನ್ವಯಿಸುವುದೇ ಇಲ್ಲ. ಮೇಲೆ ಹೇಳಿದ ಕಚೇರಿಯಲ್ಲಿ ಕಿರಿಯರಿಬ್ಬರನ್ನೂ ನೌಕರರೆಂದು ಹಿಡಿದರೂ ಗುಮಾಸ್ತರು ಸೇರಿ ಮೂವರೇ. ನಾಲ್ಕನೆಯವರು ಬಂದಾಗ ನೋಡಿದರಾಯಿತು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಂಡವರಿಗೆ ವಾರ್ಷಿಕ ವಿವರದ ನಮೂನೆ 11 ಮೇ 30ಕ್ಕೆ, ಲೆಕ್ಕಪತ್ರದ ನಮೂನೆ 8 ಅಕ್ಟೋಬರ್ 30ಕ್ಕೆ ತಪ್ಪದೆ ಹೋಗುತ್ತದೆ.

ದಾಖಲೆಗಳ ಗೌಪ್ಯತೆಗೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರ ಜೊತೆಗೆ ಅವರ ದುಭಾಷಿ, ಗುಮಾಸ್ತ, ನೌಕರರನ್ನೂ ಗೌಪ್ಯತೆಗೆ ಕಟ್ಟುತ್ತದೆ, ಹೊರಗಿನ ಲೆಕ್ಕಿಗರ ಹೆಸರು ಅಲ್ಲಿಲ್ಲ. ಹಾಗಾಗಿ ಅವರಿಗೆ ಕಕ್ಷಿದಾರರ ಹೆಸರಿನ ಬದಲು ಕಡತ ಸಂಖ್ಯೆ ಮಾತ್ರ ಕೊಡಿ. ಸಹಿ ಹಾಕುವ ಮುನ್ನ ಮೂರು ಷರತ್ತು ಸೇರಿಸಿ: ಗೌಪ್ಯತೆ, ದತ್ತಾಂಶ ಸೋರಿದರೆ ಅದೇ ದಿನ ತಿಳಿಸುವುದು, ಒಪ್ಪಂದ ಮುಗಿದಾಗ ಟ್ಯಾಲಿ (ಲೆಕ್ಕದ ತಂತ್ರಾಂಶ) ಬ್ಯಾಕಪ್ ಸಮೇತ ಎಲ್ಲವನ್ನೂ 15 ದಿನದಲ್ಲಿ ಮರಳಿಸುವುದು. ಲೆಕ್ಕದ ಕೆಲಸ, ನಾಮಫಲಕ, ಪ್ರಚಾರ ಬಿಟ್ಟು ತೆರಿಗೆ ಸಲ್ಲಿಕೆಯಷ್ಟನ್ನೇ ಕೇಳಿದರೆ ದರವನ್ನು 15,000ಕ್ಕೆ ಇಳಿಸುತ್ತಾರೆ. ಆ ದರಕ್ಕೆ ತೆಗೆದುಕೊಳ್ಳಬಹುದು.