ಕೊರಳಿಗೆ ಪದಕವೋ, ಬಟ್ಟೆಯ ಸ್ಕ್ಯಾಪುಲರೋ?

ಮಗಳ ಮೊದಲ ಪರಮಪ್ರಸಾದಕ್ಕೆ, ಅಂದರೆ ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ದಿನಕ್ಕೆ, ಮಾತೆ ಮರಿಯಳ ‘ಅದ್ಭುತ ಪದಕ’ ಕೊಡಿಸಲೋ, ಸ್ಕ್ಯಾಪುಲರ್ (ಎದೆಗೊಂದು ಬೆನ್ನಿಗೊಂದು ಬರುವಂತೆ ದಾರದಲ್ಲಿ ಕಟ್ಟಿದ ಎರಡು ಸಣ್ಣ ಬಟ್ಟೆ ತುಂಡು) ಕೊಡಿಸಲೋ ಎಂದು ಕೇಳಿದ್ದೀರಿ. ದುಡ್ಡಿನ ಚಿಂತೆ ಬಿಡಿ, ಬೆಳ್ಳಿಯದೇ ಬೇಕು ಅನ್ನದಿದ್ದರೆ ಎರಡೂ ಅಗ್ಗವೇ.

ಬಾಳಿಕೆಯಲ್ಲಿ ಪದಕವೇ ಮುಂದು. ಕಂದು ಉಣ್ಣೆಯ ಸ್ಕ್ಯಾಪುಲರ್ ಮಂಡ್ಯದ ಬೇಸಿಗೆಯಲ್ಲಿ ಬೆವರಿಗೆ ನೆನೆದು ಬೆನ್ನಿಗೆ ಅಂಟುತ್ತದೆ, ದಾರವೂ ಬೇಗ ಸವೆಯುತ್ತದೆ.

ಅರ್ಥ ಮಾತ್ರ ಬೇರೆ. ಪದಕದ ಮೂಲ 1830ರಲ್ಲಿ ಪ್ಯಾರಿಸ್‌ನಲ್ಲಿ ಸಂತ ಕ್ಯಾಥರೀನ್ ಲಬೂರೆ ಕಂಡ ದರ್ಶನ. ಅದರ ಮುಂಬದಿಯಲ್ಲಿ ಕೈಚಾಚಿದ ಮಾತೆ ಮರಿಯ. ಹಿಂಬದಿಯಲ್ಲಿ ಎಂ ಅಕ್ಷರ, ಶಿಲುಬೆ, ಎರಡು ಹೃದಯ, ಸುತ್ತ 12 ನಕ್ಷತ್ರ. ಚರ್ಚಿನ ಗುರುಗಳಿಂದ ಆಶೀರ್ವಾದ ಮಾಡಿಸಿ ಹಾಕಿದರಾಯಿತು. ಸ್ಕ್ಯಾಪುಲರ್ ಕಾರ್ಮೆಲ್ ಎಂಬ ಕ್ರೈಸ್ತ ಸನ್ಯಾಸಿ ಸಭೆಯ ಉಡುಪಿನ ಚಿಕ್ಕ ರೂಪ. ಅದನ್ನು ಗುರುಗಳೇ ಪ್ರಾರ್ಥಿಸಿ ತೊಡಿಸಬೇಕು. ಎರಡೂ ತಾಯಿತವಲ್ಲ, ಸುಮ್ನೆ ಕಟ್ಟಿಕೊಂಡರೆ ಏನು ಬಂತು, ಅಲ್ವಾ?

ಓಡಾಡುವ ಮಗುವಿಗೆ ಪದಕ ಸಲೀಸು. ಮನೆಯಲ್ಲಿ ದಿನಾ ಜಪಸರದ ರೂಢಿ ಇದ್ದರೆ ಸ್ಕ್ಯಾಪುಲರ್ ಒಪ್ಪುತ್ತದೆ. ಬಟ್ಟೆ ಕಿರಿಕಿರಿಯಾದರೆ, ಒಮ್ಮೆ ತೊಡಿಸಿಕೊಂಡ ಮೇಲೆ ಅದರ ಬದಲು ಸ್ಕ್ಯಾಪುಲರ್ ಪದಕ (ಮೇಲೆ ಹೇಳಿದ ಪದಕವಲ್ಲ, ಬಟ್ಟೆಯ ಬದಲಿಗೆಂದೇ ಇರುವ ಬೇರೆ ಪದಕ) ಹಾಕಬಹುದು. ಹತ್ತನೇ ಪಯಸ್ ಜಗದ್ಗುರುಗಳು (ಪೋಪ್) 1910ರಲ್ಲೇ ಇದಕ್ಕೆ ಅನುಮತಿ ಕೊಟ್ಟಿದ್ದಾರೆ.