ಲೀತ್ ವಾಕ್‌ನ ಮೂರು ಕುರ್ಚಿಯ ಸಲೂನ್: ಕೆಂಪು ಕೂದಲಿನ ಮಗಳ ತಾಯಿ ಬರೆದ ವಿಮರ್ಶೆ

ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಮಕ್ಕಳಿಗೆ ಕಟಿಂಗ್ ಮಾಡಿಸಲು ಯಾವ ಅಂಗಡಿ ಒಳ್ಳೆಯದು ಅಂತ ಇಲ್ಲಿನ ಕನ್ನಡದವರು ಕೇಳಿದಾಗಲೆಲ್ಲ ನಾನು ಒಂದೇ ಅಂಗಡಿಯನ್ನು ಹೇಳುತ್ತೇನೆ. ಲೀತ್ ವಾಕ್ ಅನ್ನುವ ರಸ್ತೆಯಲ್ಲಿ, ಮೆಕ್‌ಡೊನಾಲ್ಡ್ ರೋಡ್ ಟ್ರ್ಯಾಮ್ ಸ್ಟಾಪಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮೂರೇ ಕುರ್ಚಿ ಇರುವ ಒಂದು ಪುಟ್ಟ ಸಲೂನ್. ಹೆಸರು ಇಲ್ಲಿ ಹಾಕುತ್ತಿಲ್ಲ, ಮಾಲಕಿಗೆ ಅದು ಇಷ್ಟವಿಲ್ಲ. ಇರುವ ಗಿರಾಕಿಗಳಿಗೇ ಸಮಯ ಸಾಲುತ್ತಿಲ್ಲ ಅನ್ನುತ್ತಾರೆ. ಬೇಕಾದವರು ನನ್ನನ್ನು ಕೇಳಿ, ಹೇಳುತ್ತೇನೆ. ಕಟಿಂಗ್ ಚೆನ್ನಾಗಿದೆ, ಅದನ್ನು ಆಮೇಲೆ ಬರೆಯುತ್ತೇನೆ. ಆದರೆ ಈ ಅಂಗಡಿಯನ್ನು ನಾನು ಹೊಗಳುವುದು ಅಲ್ಲಿ ಕೂತವರ ಬಾಯಿಂದ ಎಂಥ ಮಾತು ಬರಬಹುದು, ಎಂಥದು ಬರಬಾರದು ಅನ್ನುವುದನ್ನು ಮಾಲಕಿ ನೋಡಿಕೊಳ್ಳುವ ರೀತಿಗೆ.

ನನ್ನ ಮಗಳದು ಕೆಂಪು ಕೂದಲು. ನನ್ನ ಗಂಡ ಸ್ಕಾಟ್ಲೆಂಡಿನವರು, ಅವಳು ಅವರ ಮೊದಲ ಮದುವೆಯ ಮಗಳು. ನನ್ನನ್ನು ಅಮ್ಮ ಅನ್ನುತ್ತಾಳೆ, ದಾವಣಗೆರೆಯಲ್ಲಿರುವ ನಮ್ಮಮ್ಮನನ್ನು ಅಜ್ಜಿ ಅನ್ನುತ್ತಾಳೆ. ಕೂದಲು ಅಂದರೆ ಸುಮ್ಮನೆ ಕಂದು ಛಾಯೆಯಲ್ಲ, ಬಿಸಿಲು ಬಿದ್ದರೆ ತಾಮ್ರದ ತಂತಿಯ ಹಾಗೆ ಹೊಳೆಯುವ ದಟ್ಟ ಕೆಂಪು. ಹುಬ್ಬು, ರೆಪ್ಪೆಗೆ ಬಣ್ಣವೇ ಇಲ್ಲದಂತೆ ಕಾಣುತ್ತದೆ. ಮುಖ, ಕೈ ತುಂಬ ಚುಕ್ಕೆ. ಅವಳ ಅಪ್ಪನ ಕೂದಲು ಕಂದು, ಹೆತ್ತ ತಾಯಿಯದೂ ಕಂದು. "ಹಾಗಾದರೆ ಇವಳಿಗೆ ಎಲ್ಲಿಂದ ಬಂತು?" ಅಂತ ಅವಳೆದುರಿಗೇ ಕೇಳಿ ಅರ್ಥಪೂರ್ಣವಾಗಿ ನಗುವವರು ಇಲ್ಲೂ ಇದ್ದಾರೆ, ನಮ್ಮವರಲ್ಲೂ ಇದ್ದಾರೆ. ಅವರಿಗೆ ಉತ್ತರ ಬೇಕಿದ್ದರೆ ಇಲ್ಲಿದೆ. 16ನೇ ಕ್ರೋಮೋಸೋಮಿನಲ್ಲಿ ಎಂಸಿ1ಆರ್ ಅನ್ನುವ ಒಂದು ಜೀನ್ ಇದೆ. ಕೆಂಪು ಕೂದಲಿಗೂ ಅದಕ್ಕೂ ಸಂಬಂಧ ಇರುವುದು 1995ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ ಅದರ ಬದಲಾದ ರೂಪ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಸೇರಿದರೆ ಮಾತ್ರ ಕೂದಲು ಕೆಂಪಾಗುತ್ತದೆ. ಒಂದೊಂದೇ ಇರುವವರು ತಮ್ಮಲ್ಲಿ ಅದು ಇದೆ ಅಂತಲೇ ತಿಳಿಯದೆ ತಲೆಮಾರುಗಟ್ಟಲೆ ಸಾಗಿಸುತ್ತಾರೆ. 2018ರಲ್ಲಿ ಇದೇ ಎಡಿನ್‌ಬರಾ ವಿಶ್ವವಿದ್ಯಾಲಯದವರು ಸುಮಾರು ಮೂರೂವರೆ ಲಕ್ಷ ಜನರ ಮಾಹಿತಿ ನೋಡಿ, ಇದರಲ್ಲಿ ಇನ್ನೂ ಹಲವು ಜೀನುಗಳ ಕೈ ಇದೆ ಅಂತ ತೋರಿಸಿದರು. ಹೆತ್ತವರ ನಡತೆಯನ್ನು ಮಗುವಿನ ತಲೆ ನೋಡಿ ಅಳೆಯುವವರಿಗೆ ಇಷ್ಟು ಸಾಕು.

ಪ್ರಪಂಚದಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಕೆಂಪು ಕೂದಲಿನವರು. ಸ್ಕಾಟ್ಲೆಂಡ್, ಐರ್ಲೆಂಡಿನಲ್ಲಿ ಹೆಚ್ಚು. ಹೆಚ್ಚು ಇರುವ ಕಡೆ ಕಾಟ ಕಡಿಮೆ ಇರಬೇಕಿತ್ತು, ಹಾಗಿಲ್ಲ. ಪ್ರವಾಸಿಗರು ಸುತ್ತಾಡುವ ರಾಯಲ್ ಮೈಲ್ ಬೀದಿಯ ಅಂಗಡಿಗಳ ಬಾಗಿಲಲ್ಲಿ ಚೌಕಳಿ ಟೋಪಿಗೆ ಕೆಂಪು ಸುಳ್ಳುಗೂದಲು ಹೊಲಿದು ನೇತುಹಾಕಿರುತ್ತಾರೆ. ಊರಿನಿಂದ ಬಂದ ನೆಂಟರು ಅದನ್ನು ತಲೆಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ನನ್ನ ಮಗಳು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತಾಳೆ. 2009ರ ಕ್ರಿಸ್‌ಮಸ್ಸಿಗೆ, ಸಾಂಟಾ ಎಲ್ಲ ಮಕ್ಕಳನ್ನೂ ಪ್ರೀತಿಸುತ್ತಾನೆ, ಜಿಂಜರ್ (ಕೆಂಪು ಕೂದಲಿನವರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಮಕ್ಕಳನ್ನು ಕೂಡ ಅನ್ನುವ ಅರ್ಥದ ಕಾರ್ಡು ಟೆಸ್ಕೊ ಸೂಪರ್‌ಮಾರ್ಕೆಟ್‌ನಲ್ಲಿ ಮಾರಾಟಕ್ಕಿತ್ತು. ಒಬ್ಬ ತಾಯಿ ದೂರು ಕೊಟ್ಟ ಮೇಲೆ ವಾಪಸ್ ತೆಗೆದರು. 2010ರಲ್ಲಿ ಲೇಬರ್ ಪಕ್ಷದ ಹ್ಯಾರಿಯೆಟ್ ಹಾರ್ಮನ್, ಎದುರು ಪಾಳೆಯದ ಮಂತ್ರಿ ಡ್ಯಾನಿ ಅಲೆಕ್ಸಾಂಡರ್ ಅವರನ್ನು ಸ್ಕಾಟ್ಲೆಂಡಿನ ಪಕ್ಷದ ಸಮಾವೇಶದಲ್ಲಿ ಜಿಂಜರ್ ಹೆಗ್ಗಣ ಅನ್ನುವ ಹಾಗೆ ಕರೆದು, ಆಮೇಲೆ ಕ್ಷಮೆ ಕೇಳಿದರು. ಅದೇ ವರ್ಷ ಜಾರಿಗೆ ಬಂದ ಸಮಾನತೆ ಕಾಯ್ದೆಯನ್ನು ಮಂತ್ರಿಯಾಗಿದ್ದಾಗ ಮುಂದೆ ನಿಂತು ತಂದವರು ಇದೇ ಹಾರ್ಮನ್. ವಯಸ್ಸು, ಜನಾಂಗ, ಧರ್ಮ ಮುಂತಾಗಿ ಆ ಕಾಯ್ದೆ ಕಾಪಾಡುವ ಒಂಬತ್ತು ಗುಣಲಕ್ಷಣಗಳಲ್ಲಿ ಕೂದಲಿನ ಬಣ್ಣ ಇಲ್ಲ. ಅಲೆಕ್ಸಾಂಡರ್ ತಮ್ಮ ಕೂದಲಿನ ಬಗ್ಗೆ ಹೆಮ್ಮೆ ಇದೆ ಅಂತ ಚೆನ್ನಾಗಿಯೇ ಉತ್ತರ ಕೊಟ್ಟರು. ಅವರು ಮಂತ್ರಿ, ಮಾತು ಬಲ್ಲವರು. ಪ್ರೈಮರಿ ಏಳನೇ ತರಗತಿಯ ಹುಡುಗಿ ಆಟದ ಮೈದಾನದಲ್ಲಿ ಏನು ಉತ್ತರ ಕೊಡಬೇಕು?

ಉತ್ತರ ಹೊಳೆಯದೆ ನನ್ನ ಮಗಳು, ಕೂದಲಿಗೆ ಕಪ್ಪು ಬಣ್ಣ ಹಾಕಿಸು ಅಂತ ಹಟ ಹಿಡಿದಳು. "ನಿನ್ನ ಕೂದಲಿನ ಹಾಗೆ ಆಗಬೇಕು" ಅಂದಳು. ಮೊದಲು ಹೋಗುತ್ತಿದ್ದ ದೊಡ್ಡ ಸಲೂನಿನಲ್ಲಿ ಕತ್ತರಿಸುತ್ತಿದ್ದ ಹುಡುಗಿ ಇದನ್ನು ಕೇಳಿಸಿಕೊಂಡು, "ಚಿಂತೆ ಬೇಡ ಚಿನ್ನ, ದೊಡ್ಡವಳಾದ ಮೇಲೆ ಸರಿ ಮಾಡಿಬಿಡೋಣ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಸರಿ ಮಾಡಬೇಕಾದದ್ದು ತನ್ನ ತಲೆಯಲ್ಲಿ ಏನೋ ಇದೆ ಅಂತ ಮಗುವಿಗೆ ಅವತ್ತು ಖಾತ್ರಿಯಾಯಿತು. ದಾರಿಯುದ್ದಕ್ಕೂ ಹುಡ್ ಮುಂದಕ್ಕೆಳೆದುಕೊಂಡು ಬಂದಳು. ನಾವು ಆ ಅಂಗಡಿ ಬಿಟ್ಟೆವು.

ಲೀತ್ ವಾಕ್‌ನ ಮಾಲಕಿಗೆ ಅರವತ್ತರ ಆಸುಪಾಸು. ಅವರದೂ ಒಂದು ಕಾಲದಲ್ಲಿ ಕೆಂಪು ಕೂದಲೇ. ಈ ಕೂದಲು ನಮ್ಮದರ ಹಾಗೆ ಅಲ್ಲಲ್ಲಿ ನರೆಯುವುದಕ್ಕಿಂತ ಬಣ್ಣವೇ ಮಾಸುತ್ತಾ, ಮರಳಿನ ಬಣ್ಣಕ್ಕೆ ತಿರುಗಿ ಬೆಳ್ಳಗಾಗುತ್ತದೆ ಅಂತ ಅವರ ತಲೆ ನೋಡಿಯೇ ನನಗೆ ಗೊತ್ತಾದದ್ದು. ಮಗಳು ಕುರ್ಚಿಯಲ್ಲಿ ಕೂತವಳೇ ಕಪ್ಪು ಬಣ್ಣ ಬೇಕು ಅಂದಳು. "ಅಯ್ಯೋ, ಇಷ್ಟು ಚಂದದ ಕೂದಲಿಗಾ! ಇದೇ ಬಣ್ಣಕ್ಕೆ ಜನ ದುಡ್ಡು ಕೊಡ್ತಾರೆ" ಅಂತ ಎಲ್ಲರೂ ಹೇಳುವ ಮಾತನ್ನು ಅವರೂ ಹೇಳುತ್ತಾರೆ ಅಂದುಕೊಂಡೆ. ಆ ಮಾತು ಕೇಳಿದರೆ ಮಗಳಿಗೆ ಮೈಯೆಲ್ಲ ಉರಿಯುತ್ತದೆ. ದುಡ್ಡು ಕೊಡುವವರನ್ನು ಮೈದಾನದಲ್ಲಿ ಯಾರೂ ಅಡ್ಡಹಾಕುವುದಿಲ್ಲವಲ್ಲ.

ಅವರು ಹಾಗೆ ಹೇಳಲಿಲ್ಲ. ಕಪಾಟಿನಿಂದ ಡೈ ಪೊಟ್ಟಣ ತಂದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಸಾಲಿನ ಮೇಲೆ ಬೆರಳಿಟ್ಟು ಅವಳಿಂದಲೇ ಓದಿಸಿದರು. ಹದಿನಾರು ತುಂಬದವರಿಗೆ ಬಳಸಬಾರದು ಅಂತ ಇತ್ತು. ಈ ದೇಶದಲ್ಲಿ ಪರ್ಮನೆಂಟ್ ಡೈ ಪೊಟ್ಟಣದ ಮೇಲೆ ಈ ಎಚ್ಚರಿಕೆ ಹಾಕಲೇಬೇಕು. ಆಮೇಲೆ ಅವಳ ಒಂದು ಎಳೆ, ನನ್ನ ಒಂದು ಎಳೆ ಹಿಡಿದು ಬಿಳಿ ಟವೆಲಿನ ಮೇಲೆ ಪಕ್ಕಪಕ್ಕ ಇಟ್ಟರು. ಅವಳದು ನನ್ನದಕ್ಕಿಂತ ದಪ್ಪ! ಕೆಂಪು ಕೂದಲಿನವರಿಗೆ ಎಳೆಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ, ಒಂದೊಂದು ಎಳೆಯೂ ಗಟ್ಟಿ, ಡೈ ಸುಲಭಕ್ಕೆ ಹಿಡಿಯುವುದಿಲ್ಲ, ಹಿಡಿದರೂ ತಿಂಗಳೊಳಗೆ ಬೈತಲೆಯಲ್ಲಿ ಕೆಂಪು ಗೆರೆ ಕಾಣುತ್ತದೆ ಅಂತ ವಿವರಿಸಿದರು. "ಹದಿನಾರು ತುಂಬಿದ ಮೇಲೂ ಬೇಕು ಅನ್ನಿಸಿದರೆ ಬಾ. ನಲವತ್ತೆಂಟು ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ, ನಾನೇ ಹಾಕಿಕೊಡುತ್ತೇನೆ. ಕೂದಲು ನಿನ್ನದು" ಅಂದರು. ಕೊನೆಗೆ ಕತ್ತರಿ ಎತ್ತಿಕೊಳ್ಳುತ್ತಾ ಕೇಳಿದರು: "ಯಾರು, ಏನಂತಾರೆ?"

ಅಪ್ಪನಿಗೂ ನನಗೂ ಹೇಳದಿದ್ದುದನ್ನೆಲ್ಲ ಮಗಳು ಕನ್ನಡಿ ನೋಡಿಕೊಂಡು ಅವರಿಗೆ ಹೇಳಿದಳು. ಕ್ಯಾರೆಟ್ ಅನ್ನುವುದು, ಆತ್ಮ ಇಲ್ಲದವಳು ಅನ್ನುವುದು (ಇದು ಅಮೆರಿಕದ ಒಂದು ಕಾರ್ಟೂನ್ ಧಾರಾವಾಹಿಯಿಂದ ಹಬ್ಬಿದ ಮಾತು), ಊಟದ ಸಾಲಿನಲ್ಲಿ ಅವಳು ಮುಟ್ಟಿದ ಟ್ರೇ ಮುಟ್ಟದಿರುವುದು. ಟ್ರೇ ವಿಷಯ ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗೇ ಆದರೂ ಆ ನಡವಳಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಿರುತ್ತದೆ.

ಮಾಲಕಿ ಹೇಳಿಕೊಟ್ಟದ್ದು ಎರಡೇ ಕೆಲಸ. ಯಾರಾದರೂ ಅಂದಾಗ ನಗಬೇಡ, ಬೈಯಬೇಡ, ಅವರ ಮುಖ ನೋಡಿ "ಏನಂದೆ? ಇನ್ನೊಂದು ಸಲ ಹೇಳು" ಅನ್ನು. ಅಂದವರಲ್ಲಿ ಹೆಚ್ಚಿನವರಿಗೆ ಎರಡನೇ ಸಲ ಹೇಳುವ ಧೈರ್ಯ ಇರುವುದಿಲ್ಲ. ಇನ್ನೊಂದು, ಮನೆಗೆ ಹೋದ ಕೂಡಲೆ ತಾರೀಕು, ಜಾಗ, ಅಂದ ಮಾತು, ಪಕ್ಕದಲ್ಲಿದ್ದವರು ಯಾರು ಅಂತ ಬರೆದಿಡು. ಹೀಗೆ ಬರೆದಿಟ್ಟ ನೋಟ್‌ಬುಕ್ ತೆಗೆದುಕೊಂಡು ನಾವು ಶಾಲೆಗೆ ಹೋದ ಮೇಲೆಯೇ, ಅದುವರೆಗೆ "ಮಕ್ಕಳ ತಮಾಷೆ" ಅನ್ನುತ್ತಿದ್ದವರು ಕೂತು ಓದಿದರು. ಟ್ರೇ ಆಟ ನಿಂತಿತು. ಒಬ್ಬ ಹುಡುಗ ಮಾತ್ರ ಇನ್ನೂ ಬಿಟ್ಟಿಲ್ಲ, ನೋಟ್‌ಬುಕ್ಕೂ ಮುಂದುವರಿದಿದೆ.

ಅದಾದ ಮೇಲೆ ಒಂದು ದಿನ ನಡೆದದ್ದನ್ನು ಬರೆಯದೆ ಈ ವಿಮರ್ಶೆ ಮುಗಿಯುವುದಿಲ್ಲ. ಹೆಂಡತಿಗಾಗಿ ಕಾಯುತ್ತಿದ್ದ ಹಿರಿಯರೊಬ್ಬರು ಪೇಪರ್ ಮಡಿಸಿಟ್ಟು, ಮಾಲಕಿಯನ್ನೂ ಮಗಳನ್ನೂ ನೋಡಿ, "ಒಂದೇ ಕೋಣೆಯಲ್ಲಿ ಇಬ್ಬರು ಕೆಂಪು ತಲೆಯವರು! ಇವಳ ಸಿಟ್ಟು ತಡೆಯೋಕಾಗುತ್ತಾ ನಿಮಗೆ?" ಅಂತ ನನ್ನನ್ನು ಕೇಳಿದರು (ಕೆಂಪು ಕೂದಲಿನವರಿಗೆ ಸಿಟ್ಟು ಜಾಸ್ತಿ ಅನ್ನುವುದು ಇಲ್ಲಿನ ಹಳೇ ಮಾತು). ಬೇರೆ ಇಬ್ಬರು ನಕ್ಕರು. ಮಾಲಕಿ ಕತ್ತರಿ ಕೆಳಗಿಟ್ಟರು, ರೇಡಿಯೊ ಆರಿಸಿದರು. ದನಿ ಎತ್ತರಿಸದೆ, "ಇಲ್ಲಿ ಕೂತಿರುವ ಮಗುವಿನ ಕೂದಲಿನ ಬಗ್ಗೆ ಮಾತಾಡುವುದು ನನ್ನ ಕೆಲಸ, ಅದೂ ಅವಳು ಕೇಳಿದರೆ ಮಾತ್ರ. ನೀವು ಅವಳಿಗೆ ಒಂದು ಮಾತು ಹೇಳಬೇಕು" ಅಂದರು. ಹಿರಿಯರು ನನ್ನ ಕಡೆ ತಿರುಗಿ ಸಾರಿ ಅಂದರು. "ಅವರಿಗಲ್ಲ, ಅವಳಿಗೆ" ಅಂದರು ಮಾಲಕಿ. ಆ ಹಿರಿಯರು ಎದ್ದು ಕುರ್ಚಿಯ ಹತ್ತಿರ ಬಂದು ಮಗಳಿಗೇ ಹೇಳಿದರು. ಆಮೇಲೆ ರೇಡಿಯೊ ಮತ್ತೆ ಹಾಡತೊಡಗಿತು, ಅವರ ಹೆಂಡತಿಯ ಕೂದಲು ಒಣಗಿಸಿದ್ದೂ ಅದೇ ಮಾಲಕಿ, ನಗುನಗುತ್ತಲೇ. ಗಿರಾಕಿ ಕೈಬಿಟ್ಟು ಹೋದಾರು ಅನ್ನುವ ಭಯ ಬಿಟ್ಟು ಹೀಗೆ ಮಾಡುವ ಅಂಗಡಿಯವರನ್ನು ನಾನು ಎರಡೂ ದೇಶಗಳಲ್ಲಿ ತೀರ ಕಡಿಮೆ ನೋಡಿದ್ದೇನೆ.

ನಮ್ಮವರ ವಿಷಯಕ್ಕೂ ಬರಬೇಕು. ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ "ಇಷ್ಟು ಚಿಕ್ಕ ವಯಸ್ಸಿಗೇ ಮೆಹಂದಿ ಹಚ್ಚಿದ್ದೀರಾ?" ಅಂತ ಕೇಳುತ್ತಾ ಅವಳ ಜಡೆ ಹಿಡಿದು ನೋಡುವವರು ಒಬ್ಬಿಬ್ಬರಲ್ಲ. ನಮ್ಮಮ್ಮ ಮೊದಮೊದಲು ವಿಡಿಯೊ ಕಾಲ್‌ನಲ್ಲಿ, "ಏನೇ, ಕೂಸಿನ ತಲಿಗೆ ಎಣ್ಣಿನೇ ಹಚ್ಚಲ್ಲೇನು? ಎಲ್ಲಾ ಕೆಂಚಗಾಗೈತಿ" ಅನ್ನುತ್ತಿದ್ದರು. ನಮ್ಮೂರಲ್ಲಿ ಕೂದಲು ಕೆಂಚಗಾಗಿದೆ ಅಂದರೆ ಮಗುವಿಗೆ ಸರಿಯಾಗಿ ಊಟ ಇಲ್ಲ, ಆರೈಕೆ ಇಲ್ಲ ಅಂತ ಅರ್ಥ. ಅದರಲ್ಲೂ ಮಲತಾಯಿಯ ಕೈಯಲ್ಲಿರುವ ಮಗು ಅಂದಮೇಲೆ ಆ ಮಾತು ನನಗೂ ಚುಚ್ಚುತ್ತಿತ್ತು. ಅಮ್ಮನಿಗೆ ಬಿಡಿಸಿ ಹೇಳಿದೆ, ಅರ್ಥ ಮಾಡಿಕೊಂಡರು. ಹೋದ ರಾಜ್ಯೋತ್ಸವದಲ್ಲಿ ಒಬ್ಬರು ಜಡೆಗೆ ಕೈ ಹಾಕಿ ಏನೋ ಅಂದಾಗ ಮಗಳು ಸಲೂನಿನಲ್ಲಿ ಕಲಿತದ್ದನ್ನು ಕನ್ನಡದಲ್ಲೇ ಪ್ರಯೋಗಿಸಿದಳು: "ಏನಂದ್ರಿ ಆಂಟಿ? ಇನ್ನೊಂದ್ಸಲ ಹೇಳಿ." ಆಂಟಿ ಜಡೆ ಬಿಟ್ಟರು.

ಇನ್ನು ಕಟಿಂಗ್. ಮಗಳ ಕೂದಲು ಗುಂಗುರು, ಒಣ. ಮಾಲಕಿ ಅದನ್ನು ಒದ್ದೆ ಮಾಡದೆ, ಒಣಗಿದ್ದಾಗಲೇ ಸುರುಳಿ ಬೀಳುವ ರೀತಿ ನೋಡಿಕೊಂಡು ಕತ್ತರಿಸುತ್ತಾರೆ. ಎರಡು ತಿಂಗಳಾದರೂ ಆಕಾರ ಕೆಡುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚುತ್ತೇವೆ ಅಂದಾಗ ಮೂಗು ಮುರಿಯಲಿಲ್ಲ. ಯಾವಾಗ, ಎಷ್ಟು ಹೊತ್ತು ಅಂತ ಕೇಳಿ ತಿಳಿದುಕೊಂಡು, ಕತ್ತರಿಸುವ ಹಿಂದಿನ ದಿನ ಮಾತ್ರ ಬೇಡ, ಉಳಿದಂತೆ ಒಳ್ಳೆಯದೇ ಅಂದರು. ಇಲ್ಲಿನ ಚಳಿಗೆ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಬೈತಲೆಗೂ ಸನ್‌ಸ್ಕ್ರೀನ್ ಹಚ್ಚಿ ಅಂತ ಹೇಳಿದವರೂ ಅವರೇ. ಈ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಪ್ಪಾಗುವುದಿಲ್ಲ.

ಕೊರತೆಗಳೂ ಇವೆ. ಫೋನ್ ಮಾಡಿಯೇ ಸಮಯ ಗೊತ್ತುಮಾಡಿಕೊಳ್ಳಬೇಕು, ಆನ್‌ಲೈನ್ ಬುಕಿಂಗ್ ಇಲ್ಲ, ಫೋನ್ ಸುಲಭಕ್ಕೆ ಎತ್ತುವುದೂ ಇಲ್ಲ. ಕೊಟ್ಟ ಸಮಯಕ್ಕಿಂತ ಅರ್ಧ ಗಂಟೆ ತಡ ಆಗುವುದು ಮಾಮೂಲು. ಬಾಗಿಲಿಗೆ ಎರಡು ಎತ್ತರದ ಮೆಟ್ಟಿಲಿವೆ, ಗಾಲಿಕುರ್ಚಿ ಏರುವುದಿಲ್ಲ, ಮಕ್ಕಳ ಗಾಡಿಯನ್ನು ಎತ್ತಿಕೊಂಡೇ ಹತ್ತಬೇಕು. ಇದನ್ನು ಅವರು ಸರಿಪಡಿಸಲೇಬೇಕು, ನಾನು ಹೇಳಿದ್ದೇನೆ. ಮಕ್ಕಳ ಕಟಿಂಗಿಗೆ 24 ಪೌಂಡ್, ತಲೆ ತೊಳೆಸಿದರೆ ಬೇರೆ. ಇಷ್ಟು ಚಿಕ್ಕ ಅಂಗಡಿಗೆ ಇದು ಹೆಚ್ಚು ಅನ್ನಿಸಬಹುದು. ನಾನು ಬೇಸರವಿಲ್ಲದೆ ಕೊಡುತ್ತೇನೆ.

ಐದಕ್ಕೆ ನಾಲ್ಕೂವರೆ. ಮೆಟ್ಟಿಲಿಗಾಗಿ ಅರ್ಧ ಕಳೆದಿದ್ದೇನೆ. ಹೋಗುವುದಾದರೆ ಶನಿವಾರ ಬೇಡ, ವಿಪರೀತ ರಶ್. ವಾರದ ನಡುವೆ ಶಾಲೆ ಬಿಟ್ಟ ಮೇಲಿನ ಹೊತ್ತು ಒಳ್ಳೆಯದು. ಮಾಲಕಿಯ ಕೈಯಲ್ಲೇ ಆಗಬೇಕಿದ್ದರೆ ಕಿಟಕಿ ಪಕ್ಕದ ಕುರ್ಚಿ ಬೇಕು ಅಂತ ಫೋನಿನಲ್ಲೇ ಹೇಳಿ.