ಹಾರ್ಡ್ ಡಿಸ್ಕ್ ಕೂರಿಸಲು ಸ್ಕ್ರೂ, ಟ್ರೇ, ರಬ್ಬರ್ ಬುಷ್: ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ರಬ್ಬರ್ ಬುಷ್ (ಸ್ಕ್ರೂ ಸುತ್ತ ಕೂರುವ ರಬ್ಬರ್ ಬಳೆ) ಇರುವ ಬ್ರಾಕೆಟ್. ಆದರೆ ಹೋದ ವರ್ಷ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಕಂಪ್ಯೂಟರ್‌ನ ಹೊಸ ಕ್ಯಾಬಿನೆಟ್ (ಹೊರಗಿನ ಪೆಟ್ಟಿಗೆ) ತಂದಿದ್ದು ಪ್ಲಾಸ್ಟಿಕ್ ಟ್ರೇ ನೋಡಿ. ಸ್ಕ್ರೂಡ್ರೈವರ್ ಬೇಡ, ಒತ್ತಿದರೆ ಸಾಕು ಅಂದರು. ಎರಡು ವಾರ ಒದ್ದಾಡಿದೆ.

ಅಪ್ಪ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟ ಯಕ್ಷಗಾನದ ರೆಕಾರ್ಡಿಂಗ್‌ಗಳು, ಮನೆಯ ಫೋಟೋಗಳು, ಎಲ್ಲವೂ ಈಗ ಒಂದು 8 ಟಿಬಿ ಡಿಸ್ಕ್‌ನಲ್ಲಿವೆ. ಇನ್ನೊಂದು ಪ್ರತಿ ಹಳೆಯ ಡಿಸ್ಕ್‌ಗಳಲ್ಲಿ ಹಂಚಿಹೋಗಿದೆ. ಹಾಗಾಗಿ ಇದು ಅಲ್ಲಾಡದೆ ಕೂರಬೇಕು.

ಹಳೆಯ 1 ಟಿಬಿ ಡಿಸ್ಕ್ ಆ ಟ್ರೇಯಲ್ಲಿ ಟಕ್ ಅಂತ ಕೂತಿತು. 8 ಟಿಬಿಯದು ಕೂರಲೇ ಇಲ್ಲ. ಟ್ರೇಯ ಒಂದು ಬದಿ ಉಬ್ಬಿಕೊಂಡು, ಗೂಡಿನೊಳಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಹೊರಗೆ ತೆಗೆದು ಎರಡೂ ಡಿಸ್ಕನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಹಳೆಯದಕ್ಕೆ ಒಂದೊಂದು ಬದಿಯಲ್ಲಿ ಮೂರು ತೂತು, ಹೊಸದಕ್ಕೆ ಎರಡೇ. ನಡುವಿನದು ಇಲ್ಲ! ಅದೇ 26 ಮಿ.ಮೀ. ದಪ್ಪದಲ್ಲಿ ಜಾಸ್ತಿ ತಟ್ಟೆ (ಡೇಟಾ ಬರೆಯುವ, ತಿರುಗುವ ಬಿಲ್ಲೆ) ತುಂಬಬೇಕಲ್ವಾ, ನಡುವೆ ಸ್ಕ್ರೂ ಇಳಿಯಲು ಜಾಗ ಉಳಿಯುವುದಿಲ್ಲ. ನನ್ನ ಟ್ರೇಯ ಒಂದು ಜೊತೆ ಪಿನ್ನು ಇದ್ದದ್ದು ಸರಿಯಾಗಿ ಆ ನಡುವಿನ ತೂತಿಗೇ.

ಸರಿ, ತಳದಿಂದ ಸ್ಕ್ರೂ ಹಾಕೋಣ ಅಂದುಕೊಂಡೆ. ಅಲ್ಲೂ ಅದೇ ಕಥೆ. ಹಳೆಯ ಡಿಸ್ಕ್‌ನ ತಳದಲ್ಲಿ ಹಿಂದಿನ ತೂತಿಗೂ ಮುಂದಿನದಕ್ಕೂ 44.45 ಮಿ.ಮೀ. ಅಂತರ. ಹೊಸದರಲ್ಲಿ 76.2. ಕನೆಕ್ಟರ್ ಕಡೆಯ ಎರಡು ಹೊಂದಿದವು, ಮುಂದಿನ ಎರಡರ ಎದುರಿಗೆ ಬರೀ ಪ್ಲಾಸ್ಟಿಕ್.

ಕೊನೆಗೆ ಬ್ಲೇಡಿನಿಂದ ಆ ಪಿನ್ನುಗಳನ್ನು ಕತ್ತರಿಸಿ, ತಳ್ಳಿ ಕೂರಿಸಿದೆ. ಹಾಗೆ ಮಾಡಬಾರದಿತ್ತು. ಬದಿಗೊಂದೇ ಪಿನ್ನು ಉಳಿದಿದ್ದರಿಂದ ಡಿಸ್ಕ್ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕ್ಯಾಬಿನೆಟ್‌ನ ಹಿಂದಿನ ಬಾಗಿಲು ಮುಚ್ಚಿದಾಗಲೆಲ್ಲ ಅದು ಸಾಟಾ ಕೇಬಲ್‌ನ (ಡಿಸ್ಕ್‌ನಿಂದ ಡೇಟಾ ಸಾಗಿಸುವ ಕೇಬಲ್) ತಲೆಯನ್ನು ಒತ್ತುತ್ತಿತ್ತು. ಒಂದು ರಾತ್ರಿ ಕಾಪಿ ಆಗುತ್ತಿರುವಾಗಲೇ ಡಿಸ್ಕ್ ಮಾಯ. ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆದರೆ 199ನೇ ಸಾಲಿನಲ್ಲಿ, ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು) ಎದುರು, ಸೊನ್ನೆ ಇದ್ದ ಕಡೆ 37. ಆ ಸಾಲು ಏರಿದರೆ ಸಾಮಾನ್ಯವಾಗಿ ತಪ್ಪು ಕೇಬಲ್ ಅಥವಾ ಕನೆಕ್ಟರ್‌ನದು, ತಟ್ಟೆಗಳದ್ದಲ್ಲ. ಅದು ಗೊತ್ತಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೆಯ ಕ್ಯಾಬಿನೆಟ್‌ಗೆ ವಾಪಸ್ ಬಂದೆ. ಅದರಲ್ಲಿ ತಗಡಿನ ಗೂಡಿಗೆ ನೇರವಾಗಿ ಸ್ಕ್ರೂ. ಗೂಡಿನ ತೂತುಗಳು ಉದ್ದಕ್ಕಿವೆ, ಡಿಸ್ಕನ್ನು ಹಿಂದೆ ಮುಂದೆ ಸರಿಸಿ ಕೇಬಲ್‌ಗೆ ಜಾಗ ಬಿಡಬಹುದು. ನಾಲ್ಕು ಸ್ಕ್ರೂ ಬಿಗಿದರೆ ಕಲ್ಲಿನ ಹಾಗೆ ಕೂರುತ್ತದೆ. ತೊಂದರೆ ಸದ್ದಿನದು. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು. ಆ ಗುಂಯ್‌ಗುಡುವಿಕೆ ತಗಡಿಗೆ, ಅಲ್ಲಿಂದ ಮೇಜಿಗೆ ಇಳಿಯುತ್ತದೆ. ನಾನು ಮಲಗುವ ಕೋಣೆಯಲ್ಲೇ ಬ್ಯಾಕಪ್ ನಡೆಯುವುದು.

ಅದೇ ಕ್ಯಾಬಿನೆಟ್‌ನಲ್ಲಿ ಡಿವಿಡಿ ಡ್ರೈವ್ ತೆಗೆದ ಜಾಗ ಖಾಲಿ ಇತ್ತು. ಅಲ್ಲಿಗೆ ರಬ್ಬರ್ ಬುಷ್ ಬ್ರಾಕೆಟ್ ತಂದು ಹಾಕಿದೆ. ಡಿಸ್ಕ್‌ನ ಬದಿಯ ಹಿಂದಿನ, ಮುಂದಿನ ತೂತು ಮಾತ್ರ ಸಾಕು, ನಡುವಿನದರ ಗೊಡವೆಯೇ ಇಲ್ಲ. ಬಿಗಿಯುವಾಗ ರಬ್ಬರ್ ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಬೇಕು. ಪೂರ್ತಿ ಚಪ್ಪಟೆ ಆದರೆ ರಬ್ಬರ್ ಇದ್ದೂ ಇಲ್ಲದ ಹಾಗೆ. ಸ್ಕ್ರೂ ಬೆರೆಸಬೇಡಿ: ಡಿವಿಡಿ ಡ್ರೈವ್‌ನದು ಸಣ್ಣ ಥ್ರೆಡ್‌ನ ಎಂ3, ಡಿಸ್ಕ್‌ಗೆ ಬೇಕಾದ್ದು ದಪ್ಪ ಥ್ರೆಡ್‌ನ 6-32. ಎಂ3 ಹಾಕಿದರೆ ಸುಮ್ನೆ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಇದ್ಯಾವುದೂ ಬೇಡ, ಎರಡು ಬದಿ ಅಂಟುವ ಟೇಪ್ ಸಾಕು.

ತಿಂಗಳಿಗೊಮ್ಮೆ ಡಿಸ್ಕ್ ಬದಲಿಸುವವರಿಗೆ, ಡಿಸ್ಕ್‌ಗೆ ನಡುವಿನ ತೂತು ಇದ್ದರೆ, ಟ್ರೇ ಅನುಕೂಲವೇ. ನಾನು ಧೂಳು ಹೊಡೆಯಲು ವರ್ಷಕ್ಕೆ ಎರಡು ಸಲ ತೆರೆಯುವವನು. ಬ್ರಾಕೆಟ್‌ಗೆ ಆದ ಖರ್ಚು ಹೊಸ ಕ್ಯಾಬಿನೆಟ್‌ನ ಹತ್ತನೇ ಒಂದು ಪಾಲೂ ಇಲ್ಲ. ಹೊಸದನ್ನು ತಮ್ಮನಿಗೆ ಕೊಟ್ಟೆ, ಅವನ ಹತ್ತಿರ ಇರುವುದು ಎಸ್‌ಎಸ್‌ಡಿ ಮಾತ್ರ. 199ನೇ ಸಾಲು ನಾಲ್ಕು ತಿಂಗಳಿಂದ 37ರಲ್ಲೇ ನಿಂತಿದೆ.